ಕಣ್ಣಿರೋದು ಮಣ್ಣಿಗೆ

ಮೊದಲ ದಿನ ಸೂಕ್ಷ್ಮದರ್ಶಕದಲ್ಲಿ ಕಂಡದ್ದು
ನನ್ನದೇ ರೆಪ್ಪೆಗೂದಲು.
'ಸೆಲ್ ಕಂಡಿತಾ?' ಅಂದರು ಶಾರ್ವರಿ ಮೇಡಂ.
ಕಂಡಿತು ಅಂದೆ. ಎಲ್ಲರೂ ಹಾಗೇ ಅಂದಿದ್ದರು.

ಹತ್ತನೇ ಕ್ಲಾಸಿನವರೆಗೆ ಅದು ನನಗೆ ಕೋಶ.
ಕೋಶವೆಂದರೆ ಬೊಕ್ಕಸ, ಕೋಶವೆಂದರೆ
ಅರ್ಥಗಳನ್ನು ಅಕಾರಾದಿಯಾಗಿ ತುಂಬಿಟ್ಟ ದಪ್ಪ ಪುಸ್ತಕ;
ಒಳಗೇನೋ ಇದೆ ಎಂದು ಹೆಸರೇ ಹೇಳುತ್ತಿತ್ತು.
ಹಾಸನದ ಈ ಕಾಲೇಜಿನಲ್ಲಿ ಅದು ಸೆಲ್ ಆಯಿತು,
ಗೋಡೆ ಗಡಿಯಾರದ ಸೆಲ್, ಟಾರ್ಚಿನ ಸೆಲ್.

ಈರುಳ್ಳಿ ಸಿಪ್ಪೆಯ ಪ್ರಾಕ್ಟಿಕಲ್ಲಿಗೆ
ಅಟೆಂಡರ್ ಬೋರಲಿಂಗಣ್ಣ ಲೆಕ್ಕ ಹಾಕಿ ಕೊಡುತ್ತಿದ್ದ:
ಎಂಟು ಜನಕ್ಕೆ ಒಂದು ಈರುಳ್ಳಿ,
ಉಳಿದದ್ದು ಅವನ ಸಾರಿಗೆ.

ಕೆನ್ನೆಯ ಒಳಗನ್ನು ಹಲ್ಲುಕಡ್ಡಿಯಿಂದ ಕೆರೆದು
ನೀಲಿ ಹಾಕಿ ನೋಡಿದ ದಿನ
ನಗೀನಾಳ ಗಾಜು, ನನ್ನ ಗಾಜು ಅದಲುಬದಲಾದವು.
ತುಂಬ ಹೊತ್ತು ಬಗ್ಗಿ ಹುಡುಕಿದೆವು.
ಮುರಿದ ಹಪ್ಪಳದಂಥ ಅಂಚು, ನಡುವೆ ಒಂದು ಚುಕ್ಕೆ.
ಕೊನೆಗೆ ಅವಳೊಂದನ್ನು ಬರೆದಳು, ನಾನೊಂದನ್ನು,
ಎರಡಕ್ಕೂ ರೈಟ್ ಬಿತ್ತು.
ಪೆನ್ಸಿಲ್ ಮೊಂಡಾಗಿದೆಯೆಂದು ಇಬ್ಬರಿಗೂ ಬೈಗುಳ.

ಆಲೂಗೆಡ್ಡೆಯ ದಿನ ಮಾತ್ರ ನಾನು ಮುಂದಿನ ಬೆಂಚು.
ತುಂಡಿನ ಮೇಲೆ ಅಯೋಡಿನ್ ತೊಟ್ಟಿಕ್ಕಿದರೆ
ಬಿಳಿಯೆಲ್ಲ ನೇರಳೆಹಣ್ಣು ತಿಂದ ನಾಲಿಗೆ.
'ಇದು ಬೇರಲ್ಲ, ಕಾಂಡ' ಅಂದರು ಮೇಡಂ.
ಇಡೀ ಕ್ಲಾಸು ಬೆರಗಾಯಿತು. ಹಾಸನದ ಮಕ್ಕಳೇ,
ಹುಟ್ಟಿದಾಗಿನಿಂದ ಗೆಡ್ಡೆ ಲಾರಿ ಎಣಿಸಿದವರು.

ಸಂಜೆ ಅವ್ವ ನನ್ನ ಬೆರಳು ಹಿಡಿದು
'ಎಲ್ಲಿ ಕುಯ್ಕಂಡೆ?' ಅಂದಳು.
ಅವಳಿಗೆ ಆ ಕಲೆ ಗೊತ್ತಿರುವುದು ಟಿಂಚರ್ ಎಂದು.
ಅವಳ ಹತ್ತೂ ಬೆರಳಿಗೆ ಹಳೆಯ ಗೀರು,
ಹದಿನಾರು ವರ್ಷ ಶಾಂತಿಗ್ರಾಮದ ಕಡೆ
ಬೀಜದ ಗೆಡ್ಡೆ ಕೊಯ್ಯುವ ಕೂಲಿ.
ಗಾಯವಲ್ಲ ಎಂದೆ. ಕಾಂಡ ಎಂದೆ. ಪಿಷ್ಟ ಎಂದೆ.
ಎಲ್ಲ ಕೇಳಿಸಿಕೊಂಡು
'ಬೇರಿಗೆಲ್ಲಾದ್ರೂ ಕಣ್ಣಿರ್ತಾವೇನೇ?' ಅಂದಳು.
'ಕಣ್ಣಿರೋದು ಮಣ್ಣಿಗೆ, ಕುರುಡು ತುಂಡು ಪಲ್ಯಕ್ಕೆ.
ನಮಗೆ ಕಲಿಸಿದ್ದು ಇಷ್ಟೇಯ.'

ಆಮೇಲೆ, ಸೆರಗಿನ ಗಂಟಿನಿಂದ ಒಂದು ಗೆಡ್ಡೆ ತೆಗೆದು
ಬೆಳಕಿಗೆ ತಿರುಗಿಸುತ್ತ:
'ಮೂಟೇಲಿ ಎಲ್ಲಾ ಒಟ್ಟಿಗೇ ಮಲಗಿರ್ತಾವಲ್ಲ,
ಇನ್ನೇಳು ಅಂತ ಇದಕ್ಕೆ ಹೇಳೋರ್ ಯಾರು?
ನಿಮ್ ಮೇಡಮ್ಮನ್ನ ಕೇಳ್ಕಂಡು ಬಾ.'

ಕೇಳಿದೆ. ಮೇಡಂ ಸ್ವಲ್ಪ ಹೊತ್ತು ಕಿಟಕಿ ನೋಡಿದರು.
ಹಾರ್ಮೋನು ಎಂದು ಶುರುಮಾಡುವಷ್ಟರಲ್ಲಿ
ಬೆಲ್ ಹೊಡೆಯಿತು.
'ಅದು ಕೊನೇ ಪಾಠಕ್ಕೆ ಬರುತ್ತೆ.'

ರೆಕಾರ್ಡ್ ಪುಸ್ತಕದಲ್ಲಿ ಗೆಡ್ಡೆ ಬರೆದಿದ್ದೇನೆ.
ಹೆಸರುಗಳೆಲ್ಲ ಬಲಗಡೆ, ಗೀಟಿನ ಮೇಲೆ ಗೀಟು ದಾಟಿಲ್ಲ.
ಮೂರನೇ ಕಣ್ಣಿನಿಂದ ಎಳೆದ ಗೀಟಿನ ತುದಿಗೆ
ಹೆಸರಿನ ಬದಲು ಅವ್ವನ ಪ್ರಶ್ನೆ ಬರೆದೆ,
ಪೆನ್ಸಿಲಿನಲ್ಲಿ, ತುಂಬ ಸಣ್ಣಗೆ.
ಅರ್ಧ ಮಾರ್ಕು ಹೋಯಿತು.