ಮುಚ್ಚಳ

ಡಂಡೀ ಊರಿನ ಕಾಲೇಜಿನ ನೆಲಮಾಳಿಗೆಯಲ್ಲಿ
ಸಾಮಾನು ಕೊಡುವ ಕಿಟಕಿ ನನ್ನದು.
ಹೆಸರು ಬರೆಸಿಕೊಂಡು ಕೊಡುತ್ತೇನೆ, ಎಣಿಸಿ ವಾಪಸು ಪಡೆಯುತ್ತೇನೆ:
ಇಕ್ಕಳ, ಅರ, ಕ್ಯಾಲಿಪರು,
ಎಂಟನೇ ನಂಬರಿನ ಡ್ರಿಲ್ಲು ಮಾತ್ರ
ಹೋದರೆ ಬರುವುದಿಲ್ಲ.

ಮೂರನೇ ವರ್ಷದವರಿಗೆ ಈ ಸಲದ ಪ್ರಾಜೆಕ್ಟು ಒಂದೇ ಸಾಲು:
ಒಂದು ಕೈಯಲ್ಲಿ ಜಾಡಿಯ ಮುಚ್ಚಳ ತೆಗೆಯುವುದು.

ಕೈ ಯಾರದೆಂದರೆ ಮಿಸೆಸ್ ಪೀಟ್ರಿಯದು.
ಎಪ್ಪತ್ತೊಂಬತ್ತು ವರ್ಷ. ಸೆಣಬಿನ ಗಿರಣಿಯಲ್ಲಿ ಮಗ್ಗ ನಡೆಸಿದ್ದು.
ಹೋದ ಚಳಿಗಾಲ ಲಕ್ವ ಹೊಡೆದು
ಬಲಗೈ ಈಗ ಮಡಿಲಲ್ಲಿ ಮಲಗಿರುತ್ತದೆ,
ಯಾರೋ ಕೊಟ್ಟು ಹೋದ ಮಗುವಿನ ಹಾಗೆ.

ಮೊರಾಗ್, ಕ್ವಾಬೆನಾ, ಫಿನ್ಲೇ,
ಮತ್ತೆ ಯಾವಾಗಲೂ ತಡವಾಗಿ ಬರುವ ಝೊಫಿಯಾ.
ಮೊದಲ ವಾರ ಹಾಳೆಯ ಮೇಲೆ ಒಂದು ಹಿಡಿ, ಒಂದು ತಿರುಪು.
ನಾಲ್ಕನೇ ವಾರಕ್ಕೆ ಮೋಟಾರು ಬಂತು.
ಏಳಕ್ಕೆ ಸೆನ್ಸಾರು; ಎಂಟಕ್ಕೆ
ಆ ಸೆನ್ಸಾರು ಕಾಯಲಿಕ್ಕೆ ಇನ್ನೊಂದು.
ಹತ್ತನೇ ವಾರ ನೀಲಿ ದೀಪವೂ ಉರಿಯಿತು.
ಇದು ಯಾಕಪ್ಪ ಅಂದೆ.
ಚೆನ್ನಾಗಿರುತ್ತೆ, ಅಂದ ಫಿನ್ಲೇ.

ನಾನು ಹರಿಹರದವಳು,
ಲೇತಿನ ಕಾರ್ಖಾನೆಯ ಸೈರನ್ನಿಗೆ ಎದ್ದು ಹಲ್ಲುಜ್ಜಿದವಳು.
ಸೋದರಮಾವ ಎರಡನೇ ಪಾಳಿ ಮುಗಿಸಿ ಬಂದು ಅಂಗಿ ಕೊಡವಿದರೆ
ಕಬ್ಬಿಣದ ಸುರುಳಿ ಉದುರುತ್ತಿತ್ತು.
ಅವನ ಮಾತೊಂದು ನಾಲಿಗೆಯ ತುದಿಗೆ ಬಂತು:
ಮೂಗಿಗಿಂತ ಮೂಗುತಿ ಭಾರ.
ನುಂಗಿದೆ.
ಇಂಗ್ಲಿಷಿಗೆ ತಿರುಗಿಸುವಷ್ಟರಲ್ಲಿ ಮೂಗೇ ಉಳಿಯುವುದಿಲ್ಲ.
ಅಲ್ಲದೆ ನನ್ನ ಕೆಲಸ ಕೊಡುವುದು,
ಹೇಳುವುದಲ್ಲ.

ಹಿಂದಿನ ರಾತ್ರಿ ಹತ್ತೂವರೆ.
ಬೀಗ ಹಾಕುವ ಹೊತ್ತು, ಹಾಕಲಿಲ್ಲ.
ಗೇರಿನ ಒಂದು ಹಲ್ಲು ಮುರಿದಿತ್ತು.
ತ್ರೀಡಿ ಪ್ರಿಂಟರು ಹೊಸದನ್ನು ಪದರ ಪದರವಾಗಿ ಹೆಣೆಯುತ್ತಿರಲು
ನಾಲ್ವರೂ ಸುತ್ತ ಕೂತು, ಚಿಪ್ಸಿನ ಉಪ್ಪು ಬೆರಳಿಂದ ನೆಕ್ಕುತ್ತ,
ಹೆರಿಗೆ ಕೋಣೆಯ ಹೊರಗಿನವರಂತೆ ಪಿಸುಗುಟ್ಟಿದರು.
ಮೇಜಿನ ಮೇಲೆ ಯಂತ್ರ ಜಾರುತ್ತಿದೆ, ಅಂದಳು ಝೊಫಿಯಾ.
ಎರಡು ಮರದ ತುಂಡು ಓರೆಯಾಗಿ ಕೂಡಿಸಿ
ಒಂದು ಪೀಠ ಮಾಡಿಕೊಂಡು ಬಂದಿದ್ದಳು.
ಹಳೆಯ ಕನ್ವೇಯರ್ ಪಟ್ಟಿಯಿಂದ ರಬ್ಬರು ಕೊಯ್ದು ಕೊಟ್ಟೆ,
ಅಡಿಗೊಂದು, ಒಳಮೈಗೆ ಎರಡು.
ರಿಜಿಸ್ಟರಿನಲ್ಲಿ ಬರೆಯಲಿಲ್ಲ.

ಮರುದಿನ ಮಿಸೆಸ್ ಪೀಟ್ರಿ ತನ್ನ ಜಾಡಿಯನ್ನು ತಾನೇ ತಂದಳು.
ಕಿತ್ತಳೆ ಮಾರ್ಮಲೇಡು. ಸಕ್ಕರೆ ಕಚ್ಚಿದ ಮುಚ್ಚಳ.
ಯಂತ್ರ ಗುಂಯ್‌ಗುಟ್ಟಿತು, ತಬ್ಬಿತು, ಯೋಚಿಸಿತು,
ಕಾಲು ಸುತ್ತು ತಿರುಗಿ ನಿಂತಿತು.
ಕೈಗೆ ಬಂದದ್ದು ಬಾಯಿಗೆ ಬರಲಿಲ್ಲ.
ನೀಲಿ ದೀಪ ಚೆನ್ನಾಗೇ ಇತ್ತು.

ಪ್ರೊಫೆಸರರ ಪೆನ್ನು ಕಾಗದ ಕೆರೆದದ್ದು
ನನ್ನ ಕಿಟಕಿಗೂ ಕೇಳಿಸಿತು.

ಅವಳು ಎಡಗೈಯಿಂದ ಯಂತ್ರವನ್ನೆತ್ತಿ
ಬೆಕ್ಕನ್ನು ಕುರ್ಚಿಯಿಂದ ಇಳಿಸುವಂತೆ ಪಕ್ಕಕ್ಕಿಟ್ಟಳು.
ಪೀಠದ ಓರೆಯಲ್ಲಿ ಜಾಡಿ ಸಿಕ್ಕಿಸಿದಳು,
ರಬ್ಬರು ಕಚ್ಚಿತು,
ತಿರುವಿದಳು.
ಟಪ್.

ಮೊರಾಗ್ ನಕ್ಕಳೋ ಅತ್ತಳೋ, ಕನ್ನಡಕ ತೆಗೆದಳು.
ಕ್ವಾಬೆನಾ ಮಾತ್ರ ಮಂಡಿಯೂರಿ
ಆ ಓರೆಯ ಕೋನವನ್ನು ಅಳೆಯತೊಡಗಿದ.

ಮಗ್ಗಗಳ ಗದ್ದಲದಲ್ಲಿ ತುಟಿಯಿಂದಲೇ ಹರಟಿ ಬದುಕಿದವಳು;
ಕೋಣೆಯ ಆಚೆಯಿಂದ ನನ್ನತ್ತ ತಿರುಗಿ
ಸದ್ದಿಲ್ಲದೆ ಏನೋ ಅಂದಳು.
ಆ ಭಾಷೆ ನನಗೆ ಬಾರದು. ಆದರೂ ತಿಳಿಯಿತು:
ರಬ್ಬರು ಯಾರದು?

ಕೈ ಎತ್ತಿದೆ, ಶಾಲೆಯ ಹುಡುಗಿಯ ಹಾಗೆ.

ಹೋಗುವಾಗ ಕಿಟಕಿಯ ಬಳಿ ನಿಂತು,
ನಮ್ಮ ಸೆಣಬೆಲ್ಲ ನಿಮ್ಮ ಕಡೆಯಿಂದಲೇ ಬರುತ್ತಿತ್ತು, ಅಂದಳು.
ಹರಿಹರಕ್ಕೂ ಬಂಗಾಳಕ್ಕೂ ಎಷ್ಟು ದೂರವೆಂದು ಹೇಳಲಿಲ್ಲ.
ಹೌದು, ಅಂದೆ.
ಪೀಠ ಅವಳ ಚೀಲದಲ್ಲಿತ್ತು,
ಅಂಚಿಗೆ ಮಾರ್ಮಲೇಡು ಮೆತ್ತಿಕೊಂಡು.

ಸಂಜೆ ರಿಜಿಸ್ಟರು ತೆರೆದು ಬರೆದೆ:
ರಬ್ಬರು, ಮೂರು ತುಂಡು. ಪಡೆದವರು, ಝೊಫಿಯಾ.
ವಾಪಸಿನ ಖಾನೆಯಲ್ಲಿ ಪೆನ್ನು ಸ್ವಲ್ಪ ಹೊತ್ತು ನಿಂತಿತು.
ಎಂಟನೇ ನಂಬರಿನ ಡ್ರಿಲ್ಲೂ
ಅವತ್ತು ಬಂದಿರಲಿಲ್ಲ.