ಎಡದ್ದು, ಬಲದ್ದು

ಆಟೋ ಕಾಂಪ್ಲೆಕ್ಸಿನ ಲೇತ್ ಶೆಡ್ಡಿನಲ್ಲಿ
ಇಯರ್‌ಫೋನು ಒಂದು ಜೊತೆ, ಕಿವಿ ನಾಲ್ಕು.
ಎಡದ್ದು ನನಗೆ, ಬಲದ್ದು ಜಬೀವುಲ್ಲಾನಿಗೆ.

ವಿಜ್ಞಾನ ಹರಟುವವರೂ ಇಬ್ಬರೇ.
ದನಿ ಹೇಗೆ ಹಂಚಿದ್ದಾರೋ,
ನನ್ನ ಪಾಲಿಗೆ ಬಿದ್ದವನು ಬರೀ ನಗುವವನು.
"ಏನು, ಆಕ್ಟೋಪಸ್ಸಿಗೆ ಮೂರು ಹೃದಯವಾ?"
ಆಮೇಲೆ ಹತ್ತು ನಿಮಿಷ ಅವನ ಬೆಕ್ಕಿನ ಸುದ್ದಿ.
ಬೈಯುತ್ತ ಶಾಫ್ಟ್ ತಿರುವುತ್ತೇನೆ.

ಜಬೀವುಲ್ಲಾನಿಗೆ ಸಿಕ್ಕಿದ್ದು ತಿಳಿದವನು.
"ಎಲ್ಲದಕ್ಕೂ ಸುಮಾರು ಅಂತಾನಣ್ಣ,
ಸುಮಾರಿಗೆ ಬೇರಿಂಗು ಕೂರುತ್ತಾ?"

ಶುಕ್ರವಾರ ಅವನು ನಮಾಜಿಗೆ ಹೋದಾಗ
ಎರಡೂ ಸಿಕ್ಕಿಸಿಕೊಂಡೆ.
ಬಲಗಿವಿಯವನು ಉಸಿರು ಬಿಡದೆ ಓಡುತ್ತಿದ್ದ,
ಎಡದಲ್ಲಿ ನಗು ಬಂದಾಗಷ್ಟೇ
ನಿಂತು, ಹಿಂದೆ ಬಂದು, ಇನ್ನೊಮ್ಮೆ ಹೇಳುತ್ತಿದ್ದ.
ನಗುವವನು ಕೇಳಿದ:
"ಈಜುವಾಗ ಒಂದು ಹೃದಯ ನಿಲ್ಲುತ್ತಲ್ಲ, ಯಾಕೆ?"

ಸದ್ದಿಲ್ಲ. ಎರಡು ಕಿವಿಯಲ್ಲೂ.

"ಗೊತ್ತಿಲ್ಲ ಮಾರಾಯ."

ಲೇತ್ ಆರಿಸಿ
ಆ ಸದ್ದಿಲ್ಲದ್ದನ್ನೇ ಮತ್ತೆ ಹಾಕಿ ಕೇಳಿದೆ.

ಜಬೀವುಲ್ಲಾ ಬಂದ, ಟೋಪಿ ಮಡಚಿ ಜೇಬಿಗಿಟ್ಟ.
ಬಲದ್ದು ಕೊಡಹೋದರೆ ಬೇಡ ಅಂದ.
"ಇವತ್ತು ಎಡದ್ದು ಕೊಡಣ್ಣ.
ಆ ಬೆಕ್ಕಿಗೆ ಏನಾಯ್ತು ನೋಡಬೇಕು."