ಬಾರದಾನ

ಎಂಬತ್ತು ದಾಟಿದ ಅಪ್ಪನನ್ನು ತೂಗಬೇಕೆಂದು
ಚಂದ್ರಶಾ ಅಣ್ಣ ನಿಶ್ಚಯಿಸಿದ್ದು ಫೋನಿನಲ್ಲಿ.
ಅವ್ವನನ್ನೂ, ಎಂದು ಸೇರಿಸಿದ್ದು ಅತ್ತಿಗೆ.
ಬೆಲ್ಲವೋ ಬೇಳೆಯೋ ಎಂಬ ತಕರಾರು ಎಂಟು ದಿನ ನಡೆದು
ಗೆದ್ದದ್ದು ತೊಗರಿಬೇಳೆ.
ಗೆಲ್ಲದೆ? ಗುಲ್ಬರ್ಗಾ ಗಂಜಿನಲ್ಲಿ ಮೂವತ್ತೆಂಟು ವರ್ಷ
ಪರರ ತೊಗರಿ ತೂಗಿ ನಮ್ಮನ್ನು ಸಾಕಿದವನು ಅವನು,
ತೂಕದ ಅಂಬಾರಾಯ.

ಮುಚ್ಚಿಹೋದ ಅಡತಿ ಅಂಗಡಿಯ ಹಳೇ ತಕ್ಕಡಿಯನ್ನು
ಟಂಟಂನಲ್ಲಿ ಹೇರಿಕೊಂಡು
ಬ್ರಹ್ಮಪುರದ ಅಂಗಳಕ್ಕೆ ತಂದರು ಇಮಾಮಸಾ ಕಾಕಾ,
ಅಪ್ಪನ ತಕ್ಕಡಿಗೆ ಚೀಲ ಎತ್ತಿ ಎತ್ತಿ ಬೆನ್ನು ಬಾಗಿದವರು.
ಹುಮನಾಬಾದಿನಿಂದ ನಾನು, ಶಹಾಪುರದಿಂದ ಜಗದೇವಿ ಅಕ್ಕ,
ಅಕ್ಕನ ಮಗಳು, ಆ ಮಗಳ ಎಂಟು ತಿಂಗಳ ಮಗಳು,
ಸೊಲ್ಲಾಪುರದಿಂದ ರೇವಣ, ಮೀಸೆಗೆ ಬಣ್ಣ ಹಚ್ಚಿಕೊಂಡು.
ಹೊಸ್ತಿಲ ಹೊರಗೆ ಚಪ್ಪಲಿ ಎಣಿಸಿದ ಮೊಮ್ಮಗ
ಅರವತ್ತಮೂರು ಅಂದ.
ಒಂಟಿ ಯಾರದೋ ತಿಳಿಯಲಿಲ್ಲ.

ಕೊರಳ ಹಾರ ತೆಗೆದಿಟ್ಟು ಅಪ್ಪ ಎದ್ದ.
ಖಾಲಿ ತಕ್ಕಡಿಯ ಮುಳ್ಳಿಗೆ ಕಣ್ಣು ಹಚ್ಚಿ
"ಪಾಸಂಗ ಅದ" ಅಂದ, "ಎಡಕ್ಕ, ಅರ್ಧ ಪಾವ."
ಬಲಗಡೆಯ ಸರಪಳಿಗೆ ಹರಳು ಕಟ್ಟಿ, ಬಿಚ್ಚಿ, ಬೇರೆ ಕಟ್ಟಿ,
ಮುಳ್ಳು ನೆಟ್ಟಗೆ ನಿಲ್ಲುವ ತನಕ
ನಮ್ಮನ್ನೂ ಸ್ವಾಮಿಗಳನ್ನೂ ಬಿಸಿಲಲ್ಲಿ ಕಾಯಿಸಿದ.
"ನನ್ನ ತೂಗ್ಲತ್ತೀರಿ. ಮೋಸ ಆಗಬಾರ್ದು."

ಒಂದು ಎನ್ನುವಲ್ಲಿ ಲಾಭ ಎಂದು ಶುರು ಮಾಡಿ
ಕಿಲೊ ಡಬ್ಬಿಯಿಂದ ಬೇಳೆ ಸುರಿದರು ಕಾಕಾ,
ಗಂಜಿನ ಅದೇ ಹಳೇ ರಾಗದಲ್ಲಿ.
ಐವತ್ತಾರಕ್ಕೆ ಅಪ್ಪ ನೆಲ ಬಿಟ್ಟ.
ಚಪ್ಪಾಳೆ. ಎತ್ತಿದ ಮೊಬೈಲುಗಳು.
ತೂಗಾಡುತ್ತಲೇ ಅವನು ಹೇಳತೊಡಗಿದ:
"ಜಗದೇವಿ ಎರಡೂವರಿ.
ಚಂದ್ರಶಾ ಮೂರಕ್ಕ ಸ್ವಲ್ಪ ಕಮ್ಮಿ.
ರೇವಣ ಮೂರೂಕಾಲು, ಅತ್ತು ಅತ್ತು ಮುಳ್ಳ ನಿಲ್ಲಗೊಡಲಿಲ್ಲ.
ಗುರುಬಾಯಿ ಎರಡ ಎರಡು," ಎಂದು ನನ್ನ ಕಡೆ ನೋಡಿದ.
ಹುಟ್ಟಿದ ವಾರದೊಳಗೆ ನಮ್ಮನ್ನು ಒಬ್ಬೊಬ್ಬರಾಗಿ
ಇದೇ ತಕ್ಕಡಿಯಲ್ಲಿ, ಅವ್ವನ ಹಳೇ ಸೀರೆ ಹಾಸಿ
ತೂಗಿದ್ದನಂತೆ.
ನಮಗ್ಯಾರಿಗೂ ಗೊತ್ತಿರಲಿಲ್ಲ.

"ರೇವಣನ ಬೆನ್ನಿಗಿದ್ದದ್ದು ಒಂದೂಕಾಲು,"
ಅವ್ವ ಅಂದಳು ಕುಂಕುಮದ ತಟ್ಟೆ ಒರೆಸುತ್ತ.
ಅದಕ್ಕೆ ಹೆಸರಿಡುವಷ್ಟು ದಿನ ಸಿಕ್ಕಿರಲಿಲ್ಲ.

ಆಮೇಲೆ ಅವ್ವನ ಸರದಿ. "ನನಗ್ಯಾಕ" ಎನ್ನುತ್ತಲೇ
ಕಾಲು ಮಡಚಲಾರದೆ ಚಾಚಿ ಕೂತಳು ಸೋನಾಬಾಯಿ,
ಈ ಊರಿನ ಯಾವ ತಕ್ಕಡಿಯೂ ಕಂಡಿರದ ಸರಕು.
ಮೂವತ್ತೊಂಬತ್ತು.
ಕಾಕಾ ಡಬ್ಬಿ ಕೆಳಗಿಟ್ಟರು.
ಅವ್ವ ಇಳಿಯಲಿಲ್ಲ. ಅಪ್ಪನನ್ನೇ ಕೇಳಿದಳು:
"ಬಾರದಾನ ಕಳದೀರೇನು?"

ಚೀಲದ ತೂಕ ಕಳೆಯುವ ಗಂಜಿನ ಮಾತದು,
ಅವಳ ಬಾಯಲ್ಲಿ ನಾವು ಕೇಳಿರಲಿಲ್ಲ.
"ಸೀರಿ ಒಂದು ಮುಕ್ಕಾಲು ಕಿಲೊ.
ಟಿಜೋರಿ ಕೀಲಿ. ಬೆಳ್ಳಿ ಕಡಗ.
ಮೊಣಕಾಲಾಗ ಡಾಕ್ಟರು ಕೂಡಿಸಿದ ಸ್ಟೀಲು, ಅದು ಚಂದ್ರಶಾನ ರೊಕ್ಕದ್ದು.
ಇಷ್ಟು ಕಳದು ಉಳದದ್ದು ನಾನು.
ಅಷ್ಟಕ್ಕೇ ಬ್ಯಾಳಿ ಹಾಕ್ರಿ."

ಎಲ್ಲರೂ ನಕ್ಕರು. ರೇವಣನಿಗೆ ಕೆಮ್ಮೇ ಬಂತು.
ಅಪ್ಪ ನಗಲಿಲ್ಲ.
ಗಿರಾಕಿ ಎಷ್ಟು ಗೋಗರೆದರೂ
ಮುಳ್ಳು ನಿಂತ ಮೇಲೆ ಕಾಳು ಸೇರಿಸದವನು
ಬೇಳೆಯ ರಾಶಿಯ ಮುಂದೆ ಕುಕ್ಕರುಗಾಲಲ್ಲಿ ಕೂತ.
ಡಬ್ಬಿ ಮುಟ್ಟಲಿಲ್ಲ, ಕಲ್ಲು ಮುಟ್ಟಲಿಲ್ಲ.
ಬೊಗಸೆಯಿಂದಲೇ ತುಂಬಿ ಬೇಳೆಯ ಪರಡಿಗೆ ಸುರಿದ,
ಒಂದು ಕಿಲೊ ಆಗುವಷ್ಟು.
ನಿಂತ.
ಮತ್ತೆ ಕಾಲು.
ಅವ್ವನ ಪರಡಿ ಮೆಲ್ಲಗೆ ಮೇಲೆದ್ದಿತು,
ಚಾಚಿದ ಕಾಲು ಗಾಳಿಯಲ್ಲಿ.
ಇಮಾಮಸಾ ಕಾಕಾ ಎಣಿಕೆ ಕೂಗಲಿಲ್ಲ,
ಸರಪಳಿ ಹಿಡಿದು ಅತ್ತ ನೋಡುತ್ತ ನಿಂತರು.

ಯಾರೋ ಎಂಟು ತಿಂಗಳದ್ದನ್ನು ಅವ್ವನ ತೊಡೆಗಿಟ್ಟರು,
ತಕ್ಕಡಿ ಮತ್ತೆ ಓಲಾಡಿತು.
"ಇದು ಎಷ್ಟದರಿ?" ಎಂದು ಕೇಳಿದಳು ಅವ್ವ.
ಅಷ್ಟರಲ್ಲಿ ಒಳಗಿಂದ
ಹುಗ್ಗಿ ತಳ ಹತ್ತಿದ ವಾಸನೆ ಬಂತು,
ಅತ್ತಿಗೆ ಓಡಿದಳು, ಹಿಂದೆ ನಾನೂ,
ಕಾಲಡಿಯ ಪರ್ಸಿ ಕಲ್ಲಿನ ಮೇಲೆ
ಬೇಳೆ ಜಾರುತ್ತಿತ್ತು.